ಚಂದ್ರನೂರಿನ ವಾಚೂ ಓಪಲ್ ಅತ್ತೆಯ ಕೈಯೂ

ಅತ್ತೆ ಆ ಒಂದು ಮಾತು ಆಡದಿದ್ದರೆ ಡೆಲ್ಮರ್ ವಾಚನ್ನು ಮನೆಗೆ ತರುತ್ತಲೇ ಇರಲಿಲ್ಲ.

"ಕಾಲೇಜು ಓದಿ ಏನ್ ಬಂತು ಅಳಿಯಂದ್ರೇ? ಕೊನೆಗೂ ವಾಚಿಗೆ ಕೀ ಕೊಡೋ ಕೆಲಸ!"

ಹತ್ತು ದಿನಕ್ಕೆಂದು ಬಂದಿದ್ದ ಓಪಲ್ ಅತ್ತೆ ಎರಡು ತಿಂಗಳಾದರೂ ಕದಲಿರಲಿಲ್ಲ. ಅಂತೂ ಸೋಮವಾರ ಸಂಜೆಯ ಬಸ್ಸಿಗೆ ಟಿಕೆಟ್ ಆಗಿತ್ತು. ಹೊರಡುವ ಮೊದಲು ಅವರ ಬಾಯಿಂದ ಒಂದು 'ಭೇಷ್' ಹೊರಡಿಸಬೇಕೆಂಬುದು ಡೆಲ್ಮರನ ಆಸೆ. ಹ್ಯೂಸ್ಟನ್ನಿನ ಬಾಹ್ಯಾಕಾಶ ಕೇಂದ್ರದಲ್ಲಿ ಗಗನಯಾತ್ರಿಗಳ ವಾಚುಗಳನ್ನು ನೋಡಿಕೊಳ್ಳುವವನು ಅವನೇ. ಮುಂದಿನ ಯಾನಕ್ಕೆ ಹೋಗುವ ವಾಚೇ ಸರಿ ಎಂದು ಶನಿವಾರ ಉಗ್ರಾಣದ ಡಬ್ಬಿಗೆ ಕೈಹಾಕಿ, ಅವಸರದಲ್ಲಿ ಒಂದನ್ನು ಜೇಬಿಗಿಳಿಸಿದ. ಸೋಮವಾರ ಬೆಳಿಗ್ಗೆ ಸದ್ದಿಲ್ಲದೆ ವಾಪಸ್ ಇಟ್ಟರೆ ಸೈ. ಅದಕ್ಕೇನಾದರೂ ಆದರೆ ಕೆಲಸಕ್ಕೆ ಎಳ್ಳುನೀರು.

ಭಾನುವಾರ ಹಿತ್ತಲಲ್ಲಿ ನೆರೆಯವರಿಗೆಲ್ಲ ಊಟ; ಕೆಂಡದ ಮೇಲೆ ಮಾಂಸ ಬೇಯುತ್ತಿತ್ತು. ಯಾತ್ರಿಗಳ ದಪ್ಪ ಉಡುಪಿನ ಮೇಲೆ ಕಟ್ಟುವ ಪಟ್ಟಿ, ಡೆಲ್ಮರನ ಬಡಕಲು ಕೈಗೆ ಮೂರು ಸುತ್ತು ಬಂತು.

"ಇದು ಚಂದ್ರನೂರಿಗೆ ಹೋಗೋ ವಾಚು, ಅತ್ತೆ."

"ಮುಳ್ಳು ಜಾಸ್ತಿ ಇವೆ ಅಷ್ಟೆ. ತೋರ್ಸೋ ಟೈಮು ಒಂದೇ ತಾನೆ?"

ಅಷ್ಟಕ್ಕೇ ಮುಗಿಯಲಿಲ್ಲ. ಆ ಬೀದಿಯಲ್ಲಿ ಎಲ್ಲರೂ ಕೇಂದ್ರದವರೇ. ಕಣ್ಣಿಗೆ ಬಿದ್ದದ್ದನ್ನು ಪರೀಕ್ಷಿಸದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಕಂಪನ ವಿಭಾಗದ ಲಾಯ್ಡ್ ವಾಚನ್ನು ಹುಲ್ಲು ಕತ್ತರಿಸುವ ಯಂತ್ರಕ್ಕೆ ಕಟ್ಟಿ ಅಂಗಳ ಸುತ್ತಿ ಬಂದ. ವಾಚು ನಡೆಯುತ್ತಿತ್ತು.

"ಬಿಸಿ ತಡೆಯುತ್ತಾ?" ಎಂದ ಶಾಖ ವಿಭಾಗದ ವರ್ನ್.

"ತಡೆಯುತ್ತೆ ಮಾರಾಯ, ಆದ್ರೆ..."

ಅಷ್ಟರಲ್ಲಿ ವಾಚು ಮಾಂಸದ ಪಕ್ಕ ಮಲಗಿತ್ತು. ಸ್ವಲ್ಪ ಹೊತ್ತಿಗೆ ನಿಂತೇ ಹೋಯಿತು. ಡೆಲ್ಮರನ ಮುಖ ನೀರು ಹೊಯ್ದ ಕೆಂಡದಂತಾಯಿತು.

"ತಣ್ಣಗಾದ್ರೆ ಸರಿಹೋಗುತ್ತೆ ಬಿಡು," ಎಂದು ವರ್ನ್ ಅದನ್ನು ಐಸ್‌ಕ್ರೀಮಿನಲ್ಲಿ ಹೂತ. ವಾಚು ಮಿಸುಕಲಿಲ್ಲ.

"ಕೊಡ್ರೋ ಇಲ್ಲಿ! ಮೂರು ಜನ ಗಂಡಸ್ರು, ಒಂದು ವಾಚು!" ಓಪಲ್ ಅತ್ತೆ ಅದನ್ನು ಕಿತ್ತುಕೊಂಡು, ಹಟಮಾರಿ ಮಗುವಿಗೆ ಕೊಡುವಂತೆ ಎರಡು ಏಟು ಕೊಟ್ಟರು. ಟಿಕ್ ಟಿಕ್ ಟಿಕ್! ವರ್ನ್ ಮತ್ತೆ ಕೆಂಡದ ಮೇಲಿಟ್ಟು ನೋಡಿದ. ನಿಲ್ಲಲಿಲ್ಲ.

ಸೋಮವಾರ ಡೆಲ್ಮರ್ ಉಗ್ರಾಣಕ್ಕೆ ಹೋದಾಗ ಮೇಲಧಿಕಾರಿ ಹ್ಯಾಗರ್ಟಿ ಡಬ್ಬಿಯೆದುರೇ ನಿಂತಿದ್ದ.

"ಇದರಲ್ಲಿದ್ದ ವಾಚೆಲ್ಲಿ? ಬಿಸಿಗೆ ನಿಂತುಹೋಗುತ್ತೆ ಅಂತ ಎಸೆಯೋಕೆ ಇಟ್ಟಿದ್ದು. ಯಾನದ್ದು ಶುಕ್ರವಾರವೇ ಹೋಯ್ತು."

ಡೆಲ್ಮರ್ ಜೇಬಿನಿಂದ ವಾಚು ತೆಗೆದುಕೊಟ್ಟ. ಹ್ಯಾಗರ್ಟಿ ಅದನ್ನು ಪರೀಕ್ಷೆಯ ಒಲೆಗೆ ಹಾಕಿದ. ಅದು ಟಿಕ್ ಟಿಕ್ ಎನ್ನುತ್ತಲೇ ಇತ್ತು. ಇನ್ನು ಬಚ್ಚಿಟ್ಟು ಫಲವಿಲ್ಲವೆಂದು ಡೆಲ್ಮರ್ ಎಲ್ಲವನ್ನೂ ಒಪ್ಪಿಕೊಂಡ.

"ಕೆಲಸ ಹೋಯ್ತಾ ಸಾರ್?"

"ಹೋಗೋದೇನಯ್ಯಾ! ಹೇಗೆ ಸರಿಹೋಯ್ತು ಅಂತ ಗೊತ್ತಾಗೋವರೆಗೂ ನಿನ್ನ ಬಿಡೋರ್ಯಾರು? ಕೆಟ್ಟವು ಇನ್ನೂ ಡಬ್ಬಿ ತುಂಬ ಇವೆ. ಭಾನುವಾರಕ್ಕೊಂದು. ಪರೀಕ್ಷೆ ಅಂದ್ಮೇಲೆ ಏನೂ ಬದಲಾಗಬಾರದು. ಅದೇ ಹಿತ್ತಲು, ಅದೇ ಕೆಂಡ, ಅದೇ ಜನ."

ಡೆಲ್ಮರನಿಗೆ ಸಂಜೆಯ ಬಸ್ಸು ನೆನಪಾಯಿತು. "ಅದೇ ಜನ ಅಂದ್ರೆ..."

"ಮುಖ್ಯವಾಗಿ ಆ ಕೈ!"

ಸಂಜೆ ಮನೆಗೆ ಬಂದಾಗ ಓಪಲ್ ಅತ್ತೆ ಪೆಟ್ಟಿಗೆಯಿಂದ ಬಟ್ಟೆ ತೆಗೆದು ಕಪಾಟಿಗೆ ಜೋಡಿಸುತ್ತಿದ್ದರು.

"ನಿಮ್ಮ ಸಾಹೇಬ್ರು ಫೋನ್ ಮಾಡಿದ್ರು. ನನಗೂ ಕೇಂದ್ರದಲ್ಲಿ ಕೆಲಸವಂತೆ! ನಿಮ್ಮ ಬಾಯಲ್ಲಿ ಒಂದು ಭೇಷ್ ಬರಬಾರದಾ, ಅಳಿಯಂದ್ರೇ?"

"ಭೇಷ್," ಎಂದ ಡೆಲ್ಮರ್.