ಮೀನಿನ ಗಂಟಲೂ ಮಗಳ ಮದುವೆಯೂ

ಹೆಣ್ಣು ನೋಡಲು ಬರುವವರು ಹೆಣ್ಣನ್ನಷ್ಟೇ ನೋಡುತ್ತಾರೆಂದು ನಂಬುವ ತಂದೆಗಿಂತ ಅಮಾಯಕ ಪ್ರಾಣಿ ಈ ಜಗತ್ತಿನಲ್ಲಿಲ್ಲ. ಅವರು ತೊಲೆ ನೋಡುತ್ತಾರೆ, ಬಚ್ಚಲು ನೋಡುತ್ತಾರೆ, ನೀರು ಕೊಟ್ಟ ಲೋಟದ ತಳವನ್ನೂ ತಿರುಗಿಸಿ ನೋಡುತ್ತಾರೆ. ಇದನ್ನು ಬಲ್ಲ ನನ್ನ ಹೆಂಡತಿ, ಹರಿಹರದ ವರನ ಕಡೆಯವರು ದಾವಣಗೆರೆಯ ನಮ್ಮ ಮನೆಗೆ ಬರುವ ದಿನ, ಪಡಸಾಲೆಯ ಗಾಜಿನ ಬೋಗುಣಿಯನ್ನು ಒಳಗಿಡಿರೆಂದು ಬೆಳಗಿನಿಂದಲೂ ಹೇಳುತ್ತಿದ್ದಳು.

ಅದರಲ್ಲಿದ್ದುದು ನನ್ನ ಭಾವಮೈದ ಮುಂಬಯಿಯಿಂದ ತಂದ ಬಂಗಾರಬಣ್ಣದ ಮೀನು. ಗಿರಣಿಯ ಯಜಮಾನರ ಬಂಗಲೆಯನ್ನು ಬಿಟ್ಟರೆ ಊರಿನಲ್ಲಿ ಅಂಥದ್ದು ನಮ್ಮಲ್ಲೇ ಇದ್ದುದರಿಂದ, ಅದನ್ನು ಅಡಗಿಸಲು ನನ್ನ ಪ್ರತಿಷ್ಠೆ ಒಪ್ಪಲಿಲ್ಲ. ದೋಷವೊಂದೇ: ಅದರ ಗಂಟಲ ಕೆಳಗೆ ಕಡಲೆಯಷ್ಟು ಎದ್ದಿದ್ದ ಗಡ್ಡೆ ಈಚೆಗೆ ಅಡಕೆಯಷ್ಟಾಗಿತ್ತು. ದನದ ಡಾಕ್ಟರರು ಎಮ್ಮೆಯ ಕೆಚ್ಚಲಿನಿಂದ ತಲೆಯೆತ್ತದೆಯೇ, ಅದು ದುರ್ಮಾಂಸವೆಂದೂ, ಕತ್ತರಿಸಿದರೆ ಗಡ್ಡೆ ಉಳಿದೀತು, ಮೀನು ಉಳಿಯದೆಂದೂ ಹೇಳಿ ಕಳುಹಿಸಿದ್ದರು.

ವರನ ತಾಯಿ ಶಿರಾದ ತಟ್ಟೆ ಹಿಡಿದುಕೊಂಡೇ ಬೋಗುಣಿಯ ಬಳಿಗೆ ನಡೆದರು. ಇದನ್ನು ತಿನ್ನಲು ಸಾಕಿದ್ದೀರೇನೆಂದು ಮೊದಲು ವಿಚಾರಿಸಿದರು. ಬೆಳ್ಳುಳ್ಳಿಗೂ ಹೇಸುವ ನಾನು ಆ ಅವಮಾನವನ್ನು ನುಂಗಿಕೊಂಡೆ. ಆಮೇಲೆ ಅವರು ಬಗ್ಗಿದರು.

"ಇದರ ಗಂಟಲಿಗೆ ಗಡ್ಡೆ ಆಗೈತಲ್ರಿ ಮೇಷ್ಟ್ರೇ. ನಿಮ್ಮ ಬಾವಿ ನೀರು ಹೆಂಗೈತೆ?"

ಕೆಟ್ಟ ನೀರು ಕುಡಿದವರಿಗೆ ಗಳಗಂಡ ಬರುತ್ತದೆಂಬುದು ಎಲ್ಲರ ನಂಬಿಕೆ. ಬಂದವರ ಕಣ್ಣುಗಳೆಲ್ಲ ಮೀನಿನ ಗಂಟಲನ್ನು ಬಿಟ್ಟು, ಚಹಾ ಹಿಡಿದು ನಿಂತಿದ್ದ ನನ್ನ ಮಗಳು ಗಿರಿಜೆಯ ಗಂಟಲಿಗೆ ಬಂದು ನಿಂತವು. ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ಬಾಯಿ ಮುಚ್ಚಿರೆಂದು ಸನ್ನೆ ಮಾಡಿದಳು. ಆದರೆ ಶಾಲೆಯ ಕೆಲಸ ಬಿಟ್ಟಿದ್ದರೂ, ತಪ್ಪು ವಿಚಾರವೊಂದು ಕಣ್ಣೆದುರು ಕಾಲು ಚಾಚಿ ಕುಳಿತಿರುವಾಗ ಸುಮ್ಮನಿರುವ ವಿದ್ಯೆ ನನಗೆ ಬಂದಿರಲಿಲ್ಲ. ಎದ್ದು ನಿಂತೆ. ಗಳಗಂಡವೇ ಬೇರೆ, ದುರ್ಮಾಂಸವೇ ಬೇರೆ ಎಂದು ಲಕ್ಷಣಸಹಿತ ನಿರೂಪಿಸಿದೆ. ಬಾವಿಯನ್ನು ಸಂಪೂರ್ಣವಾಗಿ ನಿರ್ದೋಷಿಯನ್ನಾಗಿಸಿದೆ. ಇದು ನೀರಿನಿಂದ ಬಂದುದೇ ಅಲ್ಲ, ಬಹುಶಃ ವಂಶದಿಂದ ಬಂದುದು ಎಂದು ತೃಪ್ತಿಯಿಂದ ಉಪಸಂಹರಿಸಿದೆ.

ವರನ ತಾಯಿ ಅರ್ಧ ಶಿರಾ ಇದ್ದ ತಟ್ಟೆಯನ್ನು ಕೆಳಗಿಟ್ಟು ಗಂಡನತ್ತ ತಿರುಗಿದರು. "ವಂಶದಾಗ ಐತೆ ಅಂತ ಅವರೇ ಹೇಳಿದ್ರಲ್ಲ. ಏಳ್ರಿ."

ಆಗ ಗಿರಿಜೆ, ತಲೆ ತಗ್ಗಿಸಿಕೊಂಡೇ, "ಅಪ್ಪಾಜಿ, ಅದು ಮುಂಬೈ ಮೀನು. ನಮ್ಮ ಬಳಗ ಅಲ್ಲ" ಎಂದಳು.

ಅಲ್ಲಿಯವರೆಗೆ ಚಾಪೆಯ ಕಡ್ಡಿ ಎಣಿಸುತ್ತಿದ್ದ ವರ, ಚಹಾ ಮೂಗಿಗೇರುವಂತೆ ನಕ್ಕುಬಿಟ್ಟ. ತಾಯಿ ಮಗನ ಮುಖ ನೋಡಿದರು, ಗಿರಿಜೆಯ ಮುಖ ನೋಡಿದರು, ತಟ್ಟೆಯನ್ನು ಮತ್ತೆ ಎತ್ತಿಕೊಂಡರು.

ಕೆಲವು ದಿನಗಳಲ್ಲಿ ಹರಿಹರದಿಂದ ಮಾತು ಬಂತು. ಹುಡುಗಿ ಒಪ್ಪಿಗೆ, ಆದರೆ ಮುಂದಿನ ಮಾತುಕತೆಗೆ ಮೇಷ್ಟ್ರು ಬರುವುದು ಬ್ಯಾಡ. ಅದರಂತೆ ಹೆಂಡತಿಯೂ ಭಾವಮೈದನೂ ಬಸ್ಸು ಹತ್ತಿದರು. ನಾನು ಬೋಗುಣಿಯ ಮುಂದೆ ಕುರ್ಚಿ ಎಳೆದುಕೊಂಡು, ಗಳಗಂಡಕ್ಕೂ ದುರ್ಮಾಂಸಕ್ಕೂ ಇರುವ ಭೇದವನ್ನು ಈ ಸಲ ಸಾವಕಾಶವಾಗಿ, ಉದಾಹರಣೆಗಳೊಡನೆ ವಿವರಿಸಿದೆ. ಎದ್ದು ಹೋಗುವ ಅನುಕೂಲವಿಲ್ಲದ ಶ್ರೋತೃ, ಶಾಲೆ ಬಿಟ್ಟ ಮೇಲೆ ನನಗೆ ಸಿಕ್ಕಿದ್ದು ಅದೇ ಮೊದಲು.