ಹದಿನಾಲ್ಕನೇ ರೋಲು

ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ನಂಬಿಕೆಗೆ ಅರ್ಹರಲ್ಲ. ಇದು ಸಿಟ್ಟಿನ ಮಾತಲ್ಲ, ಲೆಕ್ಕದ ಮಾತು. ರೌಂಡ್ ರಾಕ್‌ನ ಅವರ ಮನೆಯಲ್ಲಿದ್ದುಕೊಂಡು ಆಸ್ಟಿನ್‌ನಲ್ಲಿ ಪಿಎಚ್‌ಡಿ ಶುರುಮಾಡಿದ ದಿನದಿಂದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮೊದಲ ಮೂರು ತಿಂಗಳಲ್ಲಿ ಕಾಕಾ ಒತ್ತಿದ ಕ್ಲಿಕ್ಕು ಇನ್ನೂರ ಹದಿನಾರು, ಜನರ ಕೈಗೆ ಬಂದ ಫೋಟೋ ಒಂಬತ್ತು. ಉಳಿದವು ಎಲ್ಲಿ ಹೋದವು?

ಜೇಬಿನಲ್ಲಿ ಫೋನಿದ್ದರೂ ಅವರ ಕೊರಳಲ್ಲಿ ತೂಗುವುದು ರೀಲು ಹಾಕುವ ಹಳೆಯ ಕ್ಯಾಮೆರಾ. ಒಂದು ರೋಲಿಗೆ ಮೂವತ್ತಾರೇ ಚಿತ್ರ. ಅತಿಥಿಗಳ ಬಾತ್‌ರೂಮೇ ಡಾರ್ಕ್‌ರೂಮು. ಟಬ್ಬಿನ ಮೇಲೆ ಹಲಗೆಯಿಟ್ಟು, ಮೂರು ಟ್ರೇ ಜೋಡಿಸಿ, ಕೆಂಪು ಬಲ್ಬು ಹಾಕಿ, ಬಾಗಿಲ ಸಂದಿಗೆ ಟವೆಲ್ ತುರುಕಿ ಎರಡು ಗಂಟೆ ಒಳಗಿರುತ್ತಾರೆ. ಹೊರಗೆ ಹುಳಿ ವಾಸನೆ. ಒಳ್ಳೆಯ ಕೆಲಸ ಮಾಡುವವರು ಬಾಗಿಲ ಸಂದಿಗೆ ಟವೆಲ್ ಯಾಕೆ ತುರುಕುತ್ತಾರೆ? ಬೇಸಿಗೆಯಲ್ಲಿ ಇಲ್ಲಿ ನಲ್ಲಿ ನೀರೇ ಬಿಸಿ. ಫಿಲ್ಮು ತೊಳೆಯುವ ಔಷಧಿ ಇಪ್ಪತ್ತು ಡಿಗ್ರಿ ದಾಟಬಾರದೆಂದು ಫ್ರಿಜ್ಜಿನ ಐಸೆಲ್ಲ ಒಳಗೆ ಹೋಗುತ್ತದೆ.

“ಮನಿಗೆ ಬಂದವರಿಗೆ ಬಿಸಿ ಶರಬತ್ತು, ಇವ್ರ ಫಿಲ್ಮಿಗೆ ಥಂಡಿ ಸ್ನಾನ” ಎನ್ನುತ್ತಾರೆ ಅವರ ಹೆಂಡತಿ, ನಮ್ಮ ಕಾಕು.

ಒಮ್ಮೆ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ, ಎಕ್ಸ್‌ರೇಗೆ ರೋಲುಗಳು ಹಾಳಾಗುತ್ತವೆ, ಕೈಯಲ್ಲೇ ತಪಾಸಣೆ ಮಾಡಿ ಎಂದು ಕಾಕಾ ಹಟ ಹಿಡಿದರು. ಅಧಿಕಾರಿ ಹನ್ನೊಂದು ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ, ನನ್ನ ಕಡೆ ತಿರುಗಿ, “ಇವರು ನಿಮ್ಮ ಜೊತೆಯವರಾ?” ಎಂದ. ನಾನು ಉತ್ತರಿಸಲು ತಡಮಾಡಿದ್ದು ಡೈರಿಯಲ್ಲಿದೆ: ನಾಲ್ಕು ಸೆಕೆಂಡು.

ಇಂಥವರಿಗೆ ಒಂದು ನಿಯಮ ಬೇರೆ. “ತಗೀಲೇನು?” ಎಂದು ಕೇಳದೆ ಯಾರ ಫೋಟೋವನ್ನೂ ತೆಗೆಯುವುದಿಲ್ಲ. ಒಂದು ಹುಟ್ಟುಹಬ್ಬದಲ್ಲಿ ಐದು ವರ್ಷದ ಹುಡುಗನ ಮುಂದೆ ಮಂಡಿಯೂರಿ ಕೇಳಿದರು.

“ನೋ ಥ್ಯಾಂಕ್ಯೂ, ಅಂಕಲ್” ಎಂದ ಅವನು. ಕ್ಯಾಮೆರಾ ಕೆಳಗಿಳಿಯಿತು.

“ನಾನು ಹೇಳ್ತಿದ್ದೀನಲ್ಲ ಅಂಕಲ್, ತೆಗೀರಿ” ಎಂದರು ತಾಯಿ.

“ಮಾರಿ ಅವಂದಲ್ಲೇನವಾ?” ಹುಡುಗನ ಮುಖ ತೋರಿಸಿ ಕೇಳಿದರು ಕಾಕಾ.

ಕೊನೆಗೆ ಕೇಕಿನ ಫೋಟೋ ಮಾತ್ರ ಬಂತು. ಕೇಕನ್ನೂ ಕೇಳಿದರೋ ಏನೋ, ನಾನು ದೂರದಲ್ಲಿದ್ದೆ.

ಆ ಪ್ರಶ್ನೆಗೆ ಹನ್ನೆರಡು ವರ್ಷ “ಬ್ಯಾಡ” ಎನ್ನುತ್ತ ಬಂದವರು ಸ್ವಂತ ಕಾಕು. ಈ ಮಾರ್ಚ್ ಕೊನೆಗೆ ಹೆದ್ದಾರಿಯ ಬದಿಯಲ್ಲಿ ಬ್ಲೂಬಾನೆಟ್ ಅರಳಿದಾಗ ಅದೇನನ್ನಿಸಿತೋ, “ತಗೀರಿ ಹಂಗಾರ” ಎಂದು ಆ ನೀಲಿ ಹೂವುಗಳ ನಡುವೆ ಕೂತುಬಿಟ್ಟರು. ಹದಿನಾಲ್ಕನೇ ರೋಲು, ಇಪ್ಪತ್ತೊಂಬತ್ತು ಕ್ಲಿಕ್ಕು. ಕಪ್ಪು-ಬಿಳುಪು.

“ನೀಲಿ ಹೂವಿಗೆ ವರ್ಷ ಕಾದು ಬಣ್ಣಿಲ್ಲದ ರೀಲು ಹಾಕ್ಯಾರ” ಎಂದರು ಕಾಕು. ಆದರೆ ನಗುತ್ತಿದ್ದರು. ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್‌ನಲ್ಲಿ ನಡೆಯುವ ಕನ್ನಡಿಗರ ಯುಗಾದಿ ಸಮಾರಂಭದಲ್ಲಿ ಕಾಕಾ ಪ್ರತಿವರ್ಷ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಫೋಟೋ ತೂಗುಹಾಕುತ್ತಾರೆ. ಈ ಸಲ ಮೊದಲ ಕ್ಲಿಪ್ಪಿಗೆ ಕಾಕು ಎಂದು ತೀರ್ಮಾನವಾಯಿತು.

ಮರು ಶನಿವಾರ ಹ್ಯೂಸ್ಟನ್. ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ಸೀರೆ ಅಂಗಡಿಯಲ್ಲಿ ಕಾಕು, ಪಾರ್ಕಿಂಗ್‌ನಲ್ಲಿ ಕಾರೊಳಗೆ ನಾನು. ಫೋನಿಗೆ ಮೇಲ್ ಬಂತು: ಪಿಎಚ್‌ಡಿಯ ಅರ್ಹತಾ ಪರೀಕ್ಷೆಯಲ್ಲಿ ನಾನು ಫೇಲು. ಅತ್ತುಬಿಟ್ಟೆ. ತಲೆ ಎತ್ತಿದರೆ ಗಾಜಿನಾಚೆ ಕಾಕಾ, ಕಣ್ಣಿಗೆ ಕ್ಯಾಮೆರಾ. ಕ್ಲಿಕ್. ಅದೇ ರೋಲು, ಮೂವತ್ತನೆಯದು. ಕೇಳಲಿಲ್ಲ. ಹಾಗೇ ತಿರುಗಿ ಹೋದರು.

ನೋಡಿದಿರಾ? ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಫೇಲಾದ ಸುದ್ದಿ ಯಾರಿಗೂ ಹೇಳಿರಲಿಲ್ಲ. ಈಗ ಆ ಅಳುಮುಖ ಲೂಯಿಸ್‌ವಿಲ್‌ನ ಹಗ್ಗಕ್ಕೆ ಬೀಳುತ್ತದೆ, ಯಾರೋ ಅದರ ಫೋಟೋ ತೆಗೆದು ಅಮ್ಮನಿಗೆ ಕಳಿಸುತ್ತಾರೆ, ಅಮ್ಮ ಧಾರವಾಡದಿಂದ ಫೋನ್ ಮಾಡುತ್ತಾಳೆ.

ಎರಡು ವಾರ ಕಾವಲು ಕಾದೆ. ನೆಗೆಟಿವ್ ಫೈಲಿನಲ್ಲಿ ಹದಿಮೂರಿತ್ತು, ಹದಿನೈದಿತ್ತು.

“ಹದಿನಾಲ್ಕು ಎಲ್ಲೈತ್ರಿ ಕಾಕಾ?”

“ಐತಿ.”

“ತೊಳದ್ರೇನು?”

“ಇಲ್ಲ.” ನನ್ನ ಮುಖ ನೋಡದೆ ಹೇಳಿದರು. ಕಳ್ಳರು ಹೀಗೇ ಅಲ್ಲವೇ ಹೇಳುವುದು?

ಲೂಯಿಸ್‌ವಿಲ್‌ನಲ್ಲಿ ಹಗ್ಗದ ಈ ತುದಿಯಿಂದ ಆ ತುದಿಗೆ ಎಣಿಸುತ್ತ ಹೋದೆ. ಮೂವತ್ತಮೂರು ಫೋಟೋ, ನಾನಿಲ್ಲ. ಉಸಿರು ಬಿಟ್ಟೆ. ನನ್ನ ಹಿಂದೆಯೇ ಹೊಸ ಸೀರೆಯುಟ್ಟ ಕಾಕು ಕೂಡ ಒಂದೊಂದೇ ನೋಡುತ್ತ ಬಂದು ಕೊನೆಯ ಕ್ಲಿಪ್ಪಿನ ಹತ್ತಿರ ನಿಂತರು.

“ನನ್ನ ಮಾರಿ ಅಷ್ಟು ಕೆಟ್ಟ ಬಂದಿತ್ತೇನ್ರಿ?”

“ರೋಲು ಹಾಳಾತು. ನನ್ನ ತಪ್ಪು” ಎಂದರು ಕಾಕಾ. ರೌಂಡ್ ರಾಕ್‌ಗೆ ವಾಪಸಾಗುವಾಗ ಕಾಕು ಮುಂದಿನ ಸೀಟನ್ನು ನನಗೆ ಬಿಟ್ಟು ಹಿಂದೆ ಕೂತರು.

ಮರುದಿನ ಬೆಳಿಗ್ಗೆ ಕ್ಯಾಮೆರಾ ಚೀಲ ತಡಕಿದೆ. ಹೌದು, ಕೇಳದೆ. ತಳದಲ್ಲಿ ಡಬ್ಬಿಯಿಂದ ಪೂರ್ತಿ ಹೊರಗೆಳೆದ ಫಿಲ್ಮು ಸುರುಳಿಯಾಗಿ ಬಿದ್ದಿತ್ತು. ಡಬ್ಬಿಯ ಮೇಲೆ ೧೪. ಬಾಗಿಲಲ್ಲಿ ಕಾಕಾ.

“ಅವತ್ತ ಪಾರ್ಕಿಂಗಿನ್ಯಾಗ ಬಿಸಿಲಿಗೆ ಎಳದೆ, ಬೆಳಕು ಬಿದ್ದು ಎಲ್ಲಾ ಅಳಿಸಿಹೋತು” ಎಂದರು. “ಬೆರಳು ಮೊದಲ ಒತ್ತಿಬಿಡ್ತು. ನಿನ್ನ ಕೇಳಿದ್ದಿಲ್ಲ.”

“ಕಾಕುಂದು ಇಪ್ಪತ್ತೊಂಬತ್ತು ಇದ್ವಲ್ರಿ. ನಂದೊಂದು ಕತ್ತರಿಸಿ ಒಗೀಬಹುದಿತ್ತು.”

“ಕತ್ತರಸಾಕ ಮೊದಲ ತೊಳೀಬೇಕು. ತೊಳದ್ರ ನೋಡಬೇಕು.”

“ಕಾಕುಗಾದ್ರೂ ಖರೇ ಹೇಳಬೇಕಿತ್ತು.”

“ಹೆಂಗ ಹೇಳ್ಲಿ? ನೀ ಅತ್ತದ್ದು ಹೇಳಬೇಕಾಗ್ತಿತ್ತು.”

ಅಡುಗೆಮನೆಗೆ ಹೋಗಿ ಕಾಕುಗೆ ಎಲ್ಲ ಹೇಳಿದೆ, ಪರೀಕ್ಷೆಯದ್ದೂ. ಕಾಕು ಒಲೆ ಆರಿಸಿ, ಕೈ ಒರೆಸಿಕೊಂಡು, ನನ್ನ ರಟ್ಟೆ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ಪಕ್ಕದಲ್ಲಿ ಕೂತರು.

“ಹೂವಿಲ್ಲ, ಏನಿಲ್ಲ. ಬರ್ರಿ” ಎಂದು ಒಳಗೆ ಕೂಗಿದರು.

ಕಾಕಾ ಬಂದು ಮೊದಲು ಕಾಕುವನ್ನು ಕೇಳಿದರು. ಆಮೇಲೆ ನನ್ನ ಮುಂದೆ ಮಂಡಿಯೂರಿದರು. “ತಗೀಲೇನು?”

“ತಗೀರಿ.”

ಆ ದಿನದ ಲೆಕ್ಕ: ಕ್ಲಿಕ್ಕು ಒಂದು. ಫೋಟೋ ಇನ್ನೂ ಕೈಗೆ ಬಂದಿಲ್ಲ. ನಾನು ಕೇಳಿಲ್ಲ.