ಹೊಟ್ಟೆಯೊಳಗಿನ ಹೊಲಿಗೆ

ಆಪರೇಷನ್ ಆಯಿತು, ಆದರೆ ಹೊಟ್ಟೆ ಕೊಯ್ಯಲಿಲ್ಲ ಎಂದು ಅಶ್ವತ್ಥ ಕೇಳಿದವರಿಗೆಲ್ಲ ನಿಜ ಹೇಳಿಬಿಟ್ಟ. ತೊಂದರೆ ಶುರುವಾದದ್ದೇ ಅಲ್ಲಿಂದ.

ತುಮಕೂರಿನಿಂದ ವಿಜಯವಾಡದ ಗವರ್ನರ್‌ಪೇಟೆ ಬ್ಯಾಂಕಿಗೆ ವರ್ಗವಾಗಿ ಬಂದಾಗಿನಿಂದ ಆಂಧ್ರದ ಖಾರ ಅವನ ಪ್ರಾಣ ಹಿಂಡಿತ್ತು. ಹುಳಿತೇಗು ತಾಳಲಾರದೆ ವಿಶಾಖಪಟ್ಟಣಕ್ಕೆ ಹೋದರೆ, ಡಾಕ್ಟರು ಬಾಯಿಯಿಂದಲೇ ಬಳುಕುವ ಕೊಳವೆ ಇಳಿಸಿ, ಜಠರದ ಮೇಲ್ತುದಿಗೆ ಒಳಗಿನಿಂದಲೇ ಹೊಲಿಗೆ ಹಾಕಿ ಕಳಿಸಿದ್ದರು. ಈ ನೆಪದಲ್ಲಾದರೂ ತುಮಕೂರಿಗೆ ವರ್ಗವಾದರೆ ಸಾಕೆಂದು ಅವನು ಜೀವ ಹಿಡಿದುಕೊಂಡಿದ್ದ.

ಬೆಳಿಗ್ಗೆ ಮ್ಯಾನೇಜರ್ ಕೃಷ್ಣಪ್ರಸಾದರ ಫೋನು ಬಂತು. "ಏನ್ರೀ, ಗಾಯಾನೇ ಇಲ್ವಂತೆ?"

"ಬಾಯಿಂದ ಹೋಗಿ ಒಳಗೆ ಹೊಲಿದಿದಾರೆ ಸಾರ್."

"ಬಾಯಿಂದ ಇಡ್ಲಿನೂ ಹೋಗುತ್ತೆ ಕಣ್ರೀ! ನಿಮ್ಮ ವರ್ಗಕ್ಕೆ ಹೆಡ್ಡಾಫೀಸಿಗೆ ಏನು ಕಾರಣ ಹೇಳ್ಲಿ? ಸಂಜೆ ಬಂದು ಕಣ್ಣಾರೆ ನೋಡ್ತೀನಿ."

ಅಷ್ಟರಲ್ಲಿ ಪಕ್ಕದ ಮನೆಯ ಕೋಟೇಶ್ವರಮ್ಮ ಖಾರದ ಆವಕಾಯಿ ಉಪ್ಪಿನಕಾಯಿ ಕಲಸಿದ ಅನ್ನ ಹಿಡಿದು ಬಂದರು. "ಕೊಯ್ದೇ ಇಲ್ಲ ಅಂದ್ಮೇಲೆ ಪಥ್ಯ ಯಾಕೆ ಬಾಬು? ಗಂಜಿ ಕುಡಿಯೋಕೆ ನೀನೇನು ಬಾಣಂತಿಯಾ? ತಿನು!"

ಬೇಡವೆನ್ನಲು ಬಾಯಿ ತೆರೆದದ್ದೇ ತಪ್ಪಾಯಿತು. ತುತ್ತು ಒಳಗೆ ಹೋಗಿತ್ತು.

ಹೆಂಡತಿ ಹೇಮಾಕ್ಷಿಗೆ ರೋಸಿಹೋಯಿತು. "ಈ ಜನಕ್ಕೆ ಗಾಯ ತಾನೇ ಬೇಕು?" ಎಂದು ಬಾಗಿಲು ಹಾಕಿ, ಗಂಡನ ಹೊಟ್ಟೆಗೆ ದಿಂಬಿನಷ್ಟು ಹತ್ತಿ ಇಟ್ಟು, ಬ್ಯಾಂಡೇಜು ಸುತ್ತಿ, ಟಿಂಚರು ಸುರಿದಳು. "ಈಗ ನರಳ್ರೀ."

ನರಳುವುದಕ್ಕೆ ಅವನೇನೂ ನಟಿಸಬೇಕಾಗಿರಲಿಲ್ಲ. ಆವಕಾಯಿ ಒಳಗೆ ಉರಿಯುತ್ತಿತ್ತು.

ಸಂಜೆ ಬಂದ ಕೃಷ್ಣಪ್ರಸಾದರು ಬ್ಯಾಂಡೇಜು ಕಂಡು ಬೆವೆತುಹೋದರು. "ಪಾಪ, ಸಂಕೋಚಕ್ಕೆ ಮುಚ್ಚಿಟ್ಟಿದಾನೆ," ಎಂದು ಹಿಂದೆಯೇ ಬಂದ ಕೋಟೇಶ್ವರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮ್ಯಾನೇಜರು ಅಲ್ಲೇ ನಿಂತು ಹೆಡ್ಡಾಫೀಸಿಗೆ ಫೋನು ಮಾಡಿ, ಗದರಿ, ಅಂಗಲಾಚಿ, ಕೊನೆಗೆ ನಗುತ್ತಾ ತಿರುಗಿದರು.

"ನಿಮ್ಮ ವರ್ಗ ಆಯ್ತು ಕಣ್ರೀ!"

ಅಶ್ವತ್ಥ ಬ್ಯಾಂಡೇಜು ಮರೆತು ಎದ್ದು ಕೂತ. "ತುಮಕೂರಿಗಾ ಸಾರ್?"

"ಹುಚ್ಚಾ? ಇಷ್ಟು ದೊಡ್ಡ ಗಾಯ ಇಟ್ಕೊಂಡು ಅಷ್ಟು ದೂರ ಕಳಿಸಿ ನಾನು ಪಾಪ ಕಟ್ಕೊಳ್ಲಾ? ಕೊಯ್ದ ಡಾಕ್ಟರು ಹತ್ತಿರ ಇರಬೇಕು. ವಿಶಾಖಪಟ್ಟಣ, ದ್ವಾರಕಾ ನಗರ ಬ್ರಾಂಚು. ಗಾಯ ಪೂರ್ತಿ ಮಾಯೋವರೆಗೂ ಅಲ್ಲಿಂದ ಅಲುಗಾಡಿಸಬಾರದು ಅಂತ ಹೇಳಿದೀನಿ."

ಇಲ್ಲದ ಗಾಯ ಮಾಯುವುದು ಯಾವಾಗ? ಅಶ್ವತ್ಥ ಹೆಂಡತಿಯನ್ನು ನೋಡಿದ. ಹೇಮಾಕ್ಷಿ ಗೋಡೆ ನೋಡುತ್ತಿದ್ದಳು.

ಕೋಟೇಶ್ವರಮ್ಮನಿಗಂತೂ ಹಿಗ್ಗೋ ಹಿಗ್ಗು. "ದ್ವಾರಕಾ ನಗರದಲ್ಲೇ ನಮ್ಮಕ್ಕ ಇರೋದು ಬಾಬು! ನನಗಿಂತ ಚೆನ್ನಾಗಿ ನೋಡ್ಕೋತಾಳೆ."